ತಪ್ಪಿನ ಪುಸ್ತಕದ ಹುಡುಗಿ ತನ್ನ ಪುಸ್ತಕ ಬರೆದಿದ್ದು

ನನಗೆ 7 ವರ್ಷ ಆದಾಗ ಅಪ್ಪ ಅಮ್ಮ ಅಡಿಕೆ ತೋಟ ಮಾರಿ, ದುಡ್ಡನ್ನೆಲ್ಲ ಒಬ್ಬ ಗುರುವಿನ ಕೈಗಿಟ್ಟು ಅವರ ಆಶ್ರಮ ಸೇರಿಬಿಟ್ಟರು. ಶಿವಮೊಗ್ಗ ಜಿಲ್ಲೆಯೇ. ಯಾವ ತಾಲ್ಲೂಕು ಅಂತ ಇಲ್ಲಿ ಹೇಳುವುದಿಲ್ಲ, ಕಾರಣ ಮುಂದೆ ಬರುತ್ತದೆ.

ಅಲ್ಲಿ ಮಕ್ಕಳನ್ನು ಬೇರೆ ಮಲಗಿಸುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಒಬ್ಬೊಬ್ಬರಿಗೂ 100 ಪುಟದ ಒಂದು ನೋಟ್‌ಬುಕ್ ಕೊಡುತ್ತಿದ್ದರು. ಅದರ ಹೆಸರು ತಪ್ಪಿನ ಪುಸ್ತಕ. ಆ ದಿನ ಮಾಡಿದ ತಪ್ಪುಗಳನ್ನು ಬರೆಯಬೇಕು. ನಮ್ಮದಷ್ಟೇ ಅಲ್ಲ, ಪಕ್ಕದವರದ್ದೂ. ಬರೆಯದಿದ್ದರೆ ಊಟ ಇಲ್ಲ. ಬರೆದರೆ ಪಕ್ಕದವರಿಗೆ ಬೆತ್ತದ ಏಟು, ಇಲ್ಲವೇ ರಾತ್ರಿಯಿಡೀ ಕತ್ತಲೆ ಅಟ್ಟ. ನನ್ನ ಅಕ್ಷರ ದುಂಡಗಾಗಿದ್ದು ಆ ಪುಸ್ತಕದಲ್ಲೇ. 15ನೇ ವರ್ಷದಲ್ಲಿ ಸೋದರಮಾವ ಬಂದು ಜಗಳ ಆಡಿ ನನ್ನನ್ನು ಕರೆದುಕೊಂಡು ಹೋದರು.

2021ರ ಮಳೆಗಾಲದಲ್ಲಿ ಆ ದಿನಗಳ ಬಗ್ಗೆ ಬರೆಯಲು ಕೂತೆ. ಮೂರು ತಿಂಗಳಲ್ಲಿ ಒಂದು ಕರಡು ಆಯಿತು. ಓದಿದರೆ ಎದೆ ಧಸಕ್ಕೆಂದಿತು. ಪುಟ ಪುಟದಲ್ಲೂ "ನಾನು ಹಾಗೆ ಮಾಡಬಾರದಿತ್ತು", "ನನ್ನದೂ ತಪ್ಪಿತ್ತು". ಮತ್ತೆ ತಪ್ಪಿನ ಪುಸ್ತಕವನ್ನೇ ಬರೆದಿದ್ದೆ! ಅದನ್ನು ಪಕ್ಕಕ್ಕಿಟ್ಟೆ. ಸರಿ ತಪ್ಪು ಬಿಟ್ಟು, ಕಂಡಿದ್ದು ಕೇಳಿದ್ದು ಮಾತ್ರ ಬರೆಯುತ್ತಾ ಹೋದೆ. ಒದ್ದೆ ಕಂಬಳಿಯ ವಾಸನೆ. ಹಂಚಿನ ಸಂದಿಯಿಂದ ತೊಟ್ಟಿಕ್ಕುವ ನೀರಿಗೆ ಇಟ್ಟ ಹಿತ್ತಾಳೆ ಚೊಂಬು. ಅದು ತುಂಬುವ ತನಕ ಎಣಿಸುತ್ತಿದ್ದ ಹನಿಗಳು.

ನಾನು ತೋರಿಸಿಕೊಳ್ಳುತ್ತಿದ್ದ ಆಪ್ತಸಮಾಲೋಚಕಿ ಒಂದು ಮಾತು ಹೇಳಿದ್ದರು. "ದಿನಕ್ಕೆ ಒಂದು ಗಂಟೆ ಸಾಕು. ಬರೆದು ಎದ್ದ ಮೇಲೆ ಕೈಗೆ ಬೇರೆ ಕೆಲಸ ಕೊಡಿ." ಬೆಳಿಗ್ಗೆ ಒಂದು ಗಂಟೆ ಬರೆದು ಹೂವಿನ ಗಿಡಗಳ ಬುಡ ಬಿಡಿಸಲು ಹೋಗುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಪೆನ್ನು ಮುಟ್ಟಲೇ ಇಲ್ಲ. ಇದನ್ನು ಪಾಲಿಸದೆ ಇದ್ದಿದ್ದರೆ ಪುಸ್ತಕ ಮುಗಿಯುತ್ತಿರಲಿಲ್ಲ.

ಹೆಸರುಗಳ ವಿಷಯ ಇದಕ್ಕಿಂತ ಕಷ್ಟದ್ದು. ಶಿವಮೊಗ್ಗದ ಒಬ್ಬ ವಕೀಲರಿಗೆ ಇಡೀ ಹಸ್ತಪ್ರತಿ ಓದಲು ಕೊಟ್ಟೆ. ಯಾರಾದರೂ ಮಾನನಷ್ಟದ ಕೇಸು ಹಾಕಿದರೆ ಬರೆದಿದ್ದು ನಿಜ ಅನ್ನುವುದಷ್ಟೇ ಸಾಲದು, ಅದನ್ನು ಹೇಳಿದ್ದು ಜನರ ಒಳಿತಿಗೆ ಅಂತಲೂ ತೋರಿಸಬೇಕಾಗುತ್ತದೆ ಎಂದರು. ಮೊದಲು ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ 499, 500ನೇ ಕಲಂ ಇತ್ತಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಮಾನನಷ್ಟಕ್ಕೆ 2 ವರ್ಷದವರೆಗೆ ಜೈಲು. "ಅವನು ಮೋಸಗಾರ ಅನ್ನೋ ಸಾಲು ತೆಗೀರಿ ಮೇಡಂ, ನೀವು ಕಣ್ಣಾರೆ ನೋಡಿದ್ದು ಹಾಗೇ ಇರಲಿ" ಎಂದರು. ಬೈಗುಳ ಹೋದ ಮೇಲೆ ಬರಹ ಇನ್ನೂ ಗಟ್ಟಿಯಾಯಿತು ಅಂತ ನನಗೆ ಅನಿಸುತ್ತದೆ.

ಮಲೆನಾಡಿನಲ್ಲಿ ಬರೀ ಹೆಸರು ಬದಲಿಸಿದರೆ ಏನೂ ಮುಚ್ಚಿದಂತಾಗುವುದಿಲ್ಲ. ಮನೆ ಹೆಸರು, ಹೊಳೆಯ ತಿರುವು, ಹಳ್ಳ ದಾಟುವ ಸಂಕ ಇಷ್ಟು ಹೇಳಿದರೆ ಸಾಕು, ಯಾರ ಮನೆ ಹುಡುಗಿ ಅಂತ ಊರಿಗೇ ಗೊತ್ತಾಗುತ್ತದೆ. ಹಾಗಾಗಿ ಹೊಳೆ ಬದಲಿಸಿದೆ, ಬೆಳೆ ಬದಲಿಸಿದೆ, ಮಕ್ಕಳ ವಯಸ್ಸು ಹಿಂದೆ ಮುಂದೆ ಮಾಡಿದೆ. ಹೀಗೆ ಮಾಡಿದ್ದೇನೆ ಅಂತ ಮೊದಲ ಪುಟದಲ್ಲೇ ಹೇಳಿದೆ.

ಆದರೂ ಒಬ್ಬಳ ವಿಷಯದಲ್ಲಿ ಮನಸ್ಸು ಒಪ್ಪಲಿಲ್ಲ. ಆಶ್ರಮದಲ್ಲಿ ಒಂದು ಜೂನ್ ತಿಂಗಳಲ್ಲಿ ಅವಳು ಸೀತಾಳೆ ದಂಡೆ ಹೂವು ಮುಡಿದಿದ್ದಳು. ನನಗೆ ಆಗ 9 ವರ್ಷ. ಹಸಿವಾಗಿತ್ತು. ಅದನ್ನು ತಪ್ಪಿನ ಪುಸ್ತಕದಲ್ಲಿ ಬರೆದುಬಿಟ್ಟೆ. ಅವಳನ್ನು ಎರಡು ರಾತ್ರಿ ಅಟ್ಟದಲ್ಲಿ ಹಾಕಿದರು. ಈಗ ಅವಳನ್ನು ಕೇಳದೆ ಮತ್ತೆ ಅವಳ ಬಗ್ಗೆ ಬರೆಯುವುದೇ?

ಹುಡುಕಿಕೊಂಡು ಹೋದೆ. ಮದುವೆಯಾಗಿ ಸಾಗರದ ಕಡೆ ಇದ್ದಾಳೆ. ಜಗಲಿಯಲ್ಲಿ ಕೂತು ಆ ಅಧ್ಯಾಯ ಓದಿ ಹೇಳಿದೆ. ಅವಳು ಅಡಿಕೆ ಸುಲಿಯುತ್ತಲೇ ಕೇಳಿದಳು. ಹೂವಿನ ಭಾಗ ಬಂದಾಗ ಮಾತ್ರ ಕೈ ನಿಂತಿತು. "ನೀನೇ ಅಂತ ಗೊತ್ತಿತ್ತು ಮಾರಾಯ್ತಿ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹೂವು ಇರಲಿ. ನನ್ನ ಅಪ್ಪನ ವಿಷಯ ತೆಗಿ" ಎಂದಳು. ತೆಗೆದೆ. ಆ ಪುಟ ತೆಗೆದಿದ್ದಕ್ಕೆ ಕತೆ ಒಂದು ಕಡೆ ಸಡಿಲಾಗಿದೆ. ಇರಲಿ ಅಂತ ಬಿಟ್ಟಿದ್ದೇನೆ.

ಇಬ್ಬರು ಪ್ರಕಾಶಕರು ಆಗಲ್ಲ ಎಂದರು. ನಾನೇ ಹಾಕಿಸಿದೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ರಾಜಾ ರಾಮಮೋಹನ ರಾಯ್ ಏಜೆನ್ಸಿ ಪುಕ್ಕಟೆ ಕೊಡುತ್ತದೆ, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅಚ್ಚಿಗಾಗಿ ಯೂನಿಕೋಡ್ ಅಕ್ಷರಗಳನ್ನು ನುಡಿ ಫಾಂಟಿಗೆ ಬದಲಿಸುವಾಗ ಅರ್ಕಾವತ್ತುಗಳು ಎಲ್ಲೆಲ್ಲೋ ಹೋಗಿ, ಮೂರು ಸಲ ಪ್ರೂಫ್ ನೋಡಬೇಕಾಯಿತು. ಡೆಮಿ ಅಳತೆ, 160 ಪುಟ, 500 ಪ್ರತಿ. ಕೊನೆಯ ಪುಟದಲ್ಲಿ ಎರಡೇ ನಂಬರು ದೊಡ್ಡದಾಗಿ ಹಾಕಿಸಿದೆ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ನಾನು ಅಟ್ಟದಲ್ಲಿದ್ದಾಗ ಇಂಥ ನಂಬರು ಯಾವುದೂ ನನಗೆ ಗೊತ್ತಿರಲಿಲ್ಲ.

ಬಿಡುಗಡೆ ಸಮಾರಂಭ ಮಾಡಲಿಲ್ಲ. ಮನೆಯಲ್ಲೇ 12 ಜನ ಕೂತು ಓದಿದೆವು. ಅಮ್ಮ ಬರಲಿಲ್ಲ. ಒಂದು ವಾರ ಬಿಟ್ಟು ಫೋನ್ ಮಾಡಿ, "ಆ ಚೊಂಬು ನಮ್ಮನೆಯದ್ದು, ತೋಟ ಮಾರುವಾಗ ತಗೊಂಡು ಹೋಗಿದ್ದು" ಎಂದಷ್ಟೇ ಹೇಳಿದರು. ಓದಿದ್ದಾರೆ ಅಂತ ಗೊತ್ತಾಯಿತು.

ಸಾಗರದವಳ ಪ್ರತಿ ನನ್ನ ಹತ್ತಿರವೇ ಇದೆ. ಮನೆಗೆ ಒಯ್ಯುವುದು ಬೇಡ ಎಂದಳು. ಶಿವಮೊಗ್ಗಕ್ಕೆ ಬಂದಾಗಲೆಲ್ಲ ನಾಲ್ಕೈದು ಪುಟ ಓದಿ, ಬಸ್ಸಿನ ಟಿಕೆಟ್ಟನ್ನೇ ಗುರುತಿಗೆ ಇಟ್ಟು ಹೋಗುತ್ತಾಳೆ.