ಶಾಲೆಯ ನಾಟಕ: ಬಾಯಿಪಾಠ ಆಮೇಲೆ, ಮೊದಲು ಎದ್ದು ನಿಲ್ಲಿಸಿ

ನಾಟಕ ಅಂತ ನಿರ್ಧಾರವಾದ ಕೂಡಲೇ ಪ್ರತಿ ಮಗುವಿಗೂ ಅದರ ಮಾತಿನ ಹಾಳೆ ಕೊಟ್ಟು, ಬಾಯಿಪಾಠ ಮಾಡಿಕೊಂಡು ಬಾ ಅಂತ ಮನೆಗೆ ಕಳಿಸುತ್ತೇವೆ ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ. ಮಗು ಕಲಿತೇ ಬರುತ್ತದೆ. ಆದರೆ ಪದ್ಯ ಒಪ್ಪಿಸುವ ರಾಗದಲ್ಲಿ ಕಲಿತಿರುತ್ತದೆ, ಮತ್ತೆ ಆ ರಾಗ ಬಿಡಿಸುವುದರಲ್ಲೇ ಅರ್ಧ ತಾಲೀಮು ಮುಗಿದುಹೋಗುತ್ತದೆ.

ಅರ್ಧ ಗಂಟೆಯ ನಾಟಕಕ್ಕೆ 6ರಿಂದ 8 ವಾರ ಇಟ್ಟುಕೊಳ್ಳಿ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಸಾಕು. ಇಬ್ಬರೇ ಮಾತಾಡಿ ಉಳಿದವರು ಸುಮ್ನೆ ನಿಲ್ಲುವ ನಾಟಕ ಬೇಡ, ಗುಂಪಿಗೂ ಕೆಲಸ ಇರುವುದನ್ನು ಆರಿಸಿ. ಬೇರೆಯವರು ಬರೆದ ನಾಟಕವಾದರೆ ಅನುಮತಿ ಬೇಕೇ ಅಂತ ಮೊದಲೇ ವಿಚಾರಿಸಿ.

ಮೊದಲ ವಾರ ಎಲ್ಲರೂ ಸುತ್ತ ಕೂತು ಓದಲಿ. ಪಾತ್ರ ಹಂಚಬೇಡಿ, ಇವತ್ತು ರಾಜನ ಮಾತು ಓದಿದವಳು ನಾಳೆ ಸೇವಕನ ಮಾತು ಓದಲಿ. ಯಾವ ಧ್ವನಿ ಯಾವ ಪಾತ್ರಕ್ಕೆ ಕೂರುತ್ತದೆ ಅಂತ ಆಗ ನಿಮಗೇ ಗೊತ್ತಾಗುತ್ತದೆ.

ಎರಡನೇ ವಾರ ಎದ್ದು ನಿಲ್ಲಿಸಿ. ವೇದಿಕೆಯ ಅಳತೆಯನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಿ. ರಂಗದ ಬಲ ಅಂದರೆ ಪ್ರೇಕ್ಷಕರಿಗೆ ಮುಖ ಮಾಡಿ ನಿಂತ ನಟನ ಬಲ, ಇದನ್ನು ಮೊದಲ ದಿನವೇ ಹೇಳಿಬಿಡಿ. ಹಾಳೆ ಕೈಯಲ್ಲೇ ಇರಲಿ. ಈ ಮಾತಿಗೆ ಕಿಟಕಿ ಕಡೆ ಮೂರು ಹೆಜ್ಜೆ, ಆ ಮಾತಿಗೆ ತಿರುಗಿ ಕೂರುವುದು, ಹೀಗೆ ಪ್ರತಿ ನಡೆಯನ್ನೂ ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆದುಕೊಳ್ಳಲಿ, ಯಾಕೆಂದರೆ ನಾಳೆ ಅದು ಬದಲಾಗುತ್ತದೆ. ನಡೆಯ ಜೊತೆ ಸೇರಿಕೊಂಡ ಮಾತು ಬೇಗ ನೆನಪಿಗೆ ನಿಲ್ಲುತ್ತದೆ. ಮೂರು, ನಾಲ್ಕನೇ ವಾರದ ಹೊತ್ತಿಗೆ ಹಾಳೆ ಕೈಬಿಡಲು ಹೇಳಿ ನೋಡಿ, ಹೆಚ್ಚಿನ ಮಕ್ಕಳಿಗೆ ಅಷ್ಟರಲ್ಲಿ ಬಂದೇ ಇರುತ್ತದೆ.

ಧ್ವನಿಗೆ ಮಾತ್ರ ಜಾಸ್ತಿ ಸಮಯ ಕೊಡಿ. ಮಕ್ಕಳು ವಾಕ್ಯವನ್ನು ಜೋರಾಗಿ ಶುರು ಮಾಡಿ ಕೊನೆಯಲ್ಲಿ ಇಳಿಸಿಬಿಡುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಇರುವುದೇ ಅಲ್ಲಿ! ‘ಅಣ್ಣ ನಿನ್ನೆ ರಾತ್ರಿ ಮನೆಗೆ’ ಅನ್ನುವಷ್ಟು ಕೇಳಿಸಿ, ಬಂದನೋ ಬರಲಿಲ್ಲವೋ ಅನ್ನುವುದು ನುಂಗಿಹೋದರೆ ಕಥೆಯೇ ತಪ್ಪಿಹೋಗುತ್ತದೆ. ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಕೊನೆಯ ಪದ ಕೇಳದಿದ್ದಾಗಲೆಲ್ಲ ಕೈ ಎತ್ತಲಿ. ಖಾಲಿ ಸಭಾಂಗಣದಲ್ಲಿ ಸಾಕಾಗುವ ಧ್ವನಿ ಜನ ತುಂಬಿದಾಗ ಸಾಲುವುದಿಲ್ಲ, ಮೈ, ಬಟ್ಟೆ ಎಲ್ಲ ಸದ್ದನ್ನು ಹೀರಿಕೊಳ್ಳುತ್ತವೆ. ಹಾಗಂತ ಕಿರುಚಿಸಬೇಡಿ, ನಿಧಾನವಾಗಿ ಬಿಡಿಸಿ ಹೇಳಿಸಿ.

ಪರದೆ ಹಿಂದಿನ ಕೆಲಸಕ್ಕೆ ಪಾತ್ರ ಸಿಗದವರನ್ನು ಹಾಕುವ ಅಭ್ಯಾಸ ನನಗೆ ತುಂಬ ನೋವು ಕೊಡುತ್ತದೆ. ಅಲ್ಲಿ ನಿಮ್ಮ ಅತ್ಯಂತ ಗಟ್ಟಿ ಮಗು ಬೇಕು. ನಾವು ಮಾಡಿದ ಒಂದು ನಾಟಕದಲ್ಲಿ ಪತ್ರವೊಂದು ಕಾಣೆಯಾಗಿ, ಆ ಪತ್ರ ಓದಬೇಕಿದ್ದ ಹುಡುಗಿ ಖಾಲಿ ಕೈಯಲ್ಲಿ ನಿಂತಳು. ಅಂದಿನಿಂದ ಒಂದು ಮೇಜಿನ ಮೇಲೆ ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರೆಯುತ್ತೇವೆ. ಯಾವುದಾದರೂ ಜಾಗ ಖಾಲಿ ಇದ್ದರೆ ಪರದೆ ಏಳುವುದಿಲ್ಲ.

ಕೊನೆಯ ವಾರ ನಿಜವಾದ ವೇದಿಕೆಗೆ ಹೋಗಿ. ಒಂದು ದಿನ ಬೆಳಕು ಮತ್ತು ಸಂಗೀತಕ್ಕೇ ಮೀಸಲಿಡಿ: ನಡುವಿನ ಮಾತು ಬಿಟ್ಟು ಬೆಳಕು ಬದಲಾಗುವ ಕಡೆಗಳನ್ನಷ್ಟೇ ಒಂದೊಂದಾಗಿ ಮಾಡಿಸಿ. ಆಮೇಲೆ ವೇಷ ತೊಟ್ಟು ಎರಡು ಸಲ ಪೂರ್ತಿ ಆಡಿಸಿ, ಎಲ್ಲಿ ತಪ್ಪಿದರೂ ನಿಲ್ಲಿಸದೆ. ಮಾತು ಮರೆತವನನ್ನು ಪಕ್ಕದಲ್ಲಿ ನಿಂತವರು ಪ್ರಶ್ನೆ ಕೇಳಿ ದಾರಿಗೆ ತರುವುದನ್ನು ಆಗಲೇ ಕಲಿಯುತ್ತಾರೆ.

ಪ್ರದರ್ಶನದ ದಿನ ಒಂದೂವರೆ ಗಂಟೆ ಮೊದಲೇ ಎಲ್ಲರೂ ಸೇರಲಿ. ಹೊಸ ಸಲಹೆ ಏನೂ ಕೊಡಬೇಡಿ. ಆಟ ಮುಗಿದ ಮೇಲೆ ಬಣ್ಣ ಒರೆಸುವ ಮೊದಲು, ಎಲ್ಲ ವಸ್ತುಗಳೂ ಆ ಮೇಜಿನ ಗೆರೆಗಳೊಳಗೆ ವಾಪಸ್ ಬಂದಿವೆಯೇ ನೋಡಿ, ನಾಳೆಯೂ ಪ್ರದರ್ಶನ ಇರಬಹುದು.