ಹೆಸರಿಲ್ಲದ ಭಾವಚಿತ್ರ: ನಾನು ಮೊದಲು ನೋಡುವುದು ಹಿಂಬದಿ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ಫೋಟೋಗಳನ್ನು ದಾಖಲಿಸುವ ಕೆಲಸ ನನ್ನದು. 'ಗುರುತು ಸಿಗದವರು' ಎಂಬ ಚೀಟಿಯಿರುವ ಪೆಟ್ಟಿಗೆ ತೆರೆದರೆ ಸಾಕು, ಸುತ್ತ ನಿಂತವರೆಲ್ಲ ಮುಖಕ್ಕೇ ಕಣ್ಣು ಹಾಕುತ್ತಾರೆ. "ಇವರು ಮೊದಲ ಪ್ರಾಂಶುಪಾಲರೇ ಇರಬೇಕು, ಅದೇ ಮೂಗು ನೋಡಿ" ಅನ್ನುತ್ತಾರೆ. ಪೊದೆಗಡ್ಡ, ಬಿಗಿ ಕಾಲರು ಸೇರಿಬಿಟ್ಟರೆ ಆ ಕಾಲದ ಅರ್ಧಕ್ಕರ್ಧ ಗಂಡಸರಿಗೆ ಅದೇ ಮೂಗು. ಹಾಗಾಗಿ ನಾನು ಫೋಟೋ ಮಗುಚಿಯೇ ಕೆಲಸ ಶುರು ಮಾಡುತ್ತೇನೆ.

ಯಾವ ಬಗೆಯ ಫೋಟೋ ಎಂಬುದು ಬೇಗ ತಿಳಿಯುತ್ತದೆ. ಕನ್ನಡಿಯಂತೆ ಹೊಳೆದು, ಓರೆ ಮಾಡಿದಾಗ ನೆಗೆಟಿವ್ ಆಗಿ ಕಂಡರೆ ಅದು 1839ರಲ್ಲಿ ಲೋಕಕ್ಕೆ ಗೊತ್ತಾದ ಡಾಗೆರೋಟೈಪ್, ಅಂದರೆ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲಿನ ಚಿತ್ರ. ಅಯಸ್ಕಾಂತ ಎಳೆದರೆ ಟಿನ್‌ಟೈಪ್, ತೆಳು ಕಬ್ಬಿಣದ ತಗಡಿನ ಮೇಲೆ ಮೂಡಿಸಿದ್ದು. ಇವೆರಡರಲ್ಲೂ ಸಾಮಾನ್ಯವಾಗಿ ಎಡಬಲ ಅದಲುಬದಲಾಗಿರುತ್ತದೆ. ಉಂಗುರ ಯಾವ ಕೈಯಲ್ಲಿದೆ ಎಂದು ವಾದಿಸುವ ಮೊದಲು ಇದು ನೆನಪಿರಲಿ. ನಮ್ಮಲ್ಲಿ ಹೆಚ್ಚಿಗೆ ಇರುವುದು ರಟ್ಟಿಗೆ ಅಂಟಿಸಿದ ಆಲ್ಬುಮೆನ್ ಪ್ರತಿಗಳು, ಅಂದರೆ ಮೊಟ್ಟೆಯ ಬಿಳಿ ಲೋಳೆ ಹಚ್ಚಿದ ಕಾಗದದ ಮೇಲೆ ಅಚ್ಚಾದ ಫೋಟೋಗಳು. ಸುಮಾರು 64×100 ಮಿ.ಮೀ. ಇದ್ದರೆ ಕಾರ್ಟ್ ದ ವಿಸೀಟ್ ಎಂಬ ಪುಟ್ಟ ಕಾರ್ಡು, ಪ್ಯಾರಿಸ್ಸಿನ ಫೋಟೋಗ್ರಾಫರ್ ದಿಸ್‌ದೆರಿ 1854ರಲ್ಲಿ ಪೇಟೆಂಟ್ ಪಡೆದದ್ದು. 108×165 ಇದ್ದರೆ 1860ರ ದಶಕದ ಕೊನೆಯ ಭಾಗದಿಂದ ಹರಡಿದ ಕ್ಯಾಬಿನೆಟ್ ಕಾರ್ಡ್. ತೆಳು ರಟ್ಟು, ಚೌಕ ಮೂಲೆ ಸಾಮಾನ್ಯವಾಗಿ ಹಳೆಯವು. ದಪ್ಪ ರಟ್ಟು, ಚಿನ್ನದಂಚು ಆಮೇಲಿನವು. ಆದರೆ ಸ್ಟುಡಿಯೋದವರು ಉಳಿದ ರಟ್ಟನ್ನು ಎಸೆಯುತ್ತಿರಲಿಲ್ಲ. ಐದಾರು ವರ್ಷ ಆಚೀಚೆ ಬಿಟ್ಟುಕೊಳ್ಳುವುದು ಒಳ್ಳೆಯದು.

ನಿಜವಾದ ಸ್ವಾರಸ್ಯ ಇರುವುದು ಹಿಂಬದಿಯ ಬರಹದಲ್ಲಿ. ಸ್ಟುಡಿಯೋ ವಿಳಾಸವನ್ನು ಆ ಊರಿನ ಹಳೆಯ ವ್ಯಾಪಾರಿ ಡೈರೆಕ್ಟರಿಗಳ ಜೊತೆ ಇಟ್ಟು ನೋಡಿದರೆ, ಆ ಬೀದಿಯಲ್ಲಿ ಅಂಗಡಿ ಎಂದಿನಿಂದ ಎಂದಿನವರೆಗೆ ಇತ್ತೆಂದು ತಿಳಿಯುತ್ತದೆ. ಕೈಬರಹದ ಸಂಖ್ಯೆ ಕಂಡರೆ ನನಗೆ ಖುಷಿ. ಪ್ರತಿ ಬೇಕಾದವರಿಗೆ ಮತ್ತೆ ಅಚ್ಚು ಹಾಕಿಕೊಡಲು ಬರೆದಿಟ್ಟ ನೆಗೆಟಿವ್ ಸಂಖ್ಯೆ ಅದು. ಒಮ್ಮೆ, ಕೆತ್ತನೆಯ ಕುರ್ಚಿಗೆ ಕೈಯಾನಿಸಿ ನಿಂತ ಮಹಿಳೆಯ ಫೋಟೋದಲ್ಲಿ ಸ್ಟುಡಿಯೋ ಹೆಸರಿರಲಿಲ್ಲ, ಸಂಖ್ಯೆ ಮಾತ್ರ ಇತ್ತು. ಕುರ್ಚಿಯ ಒಂದು ಗುಬಟು ಮುರಿದಿತ್ತು. ಅದೇ ಮುರುಕು ಕುರ್ಚಿ ಇನ್ನೊಂದು ಪೆಟ್ಟಿಗೆಯ ವಿದ್ಯಾರ್ಥಿಗಳ ಗುಂಪಿನ ಚಿತ್ರದಲ್ಲಿ ಸಿಕ್ಕಿತು. ಅದರಲ್ಲಿ ಸ್ಟುಡಿಯೋ ಹೆಸರು, ವರ್ಷ ಎರಡೂ ಇದ್ದವು, ಸಂಖ್ಯೆಯೂ ಹತ್ತಿರದ್ದೇ. ಆಕೆಯ ಹೆಸರು ಇನ್ನೂ ಸಿಕ್ಕಿಲ್ಲ. ಊರು, ವರ್ಷ ಸಿಕ್ಕಿವೆ, ಹುಡುಕಬೇಕಾದ ಜಾಗ ಚಿಕ್ಕದಾಗಿದೆ. ಇದಕ್ಕೇ ಪೆಟ್ಟಿಗೆಯೊಳಗಿನ ಮೂಲ ಅನುಕ್ರಮವನ್ನು ಕದಲಿಸಬೇಡಿ ಎಂದು ಹೊಸಬರಿಗೆ ಹೇಳುತ್ತಲೇ ಇರುತ್ತೇನೆ. ಯಾವ ಫೋಟೋ ಯಾವುದರ ಪಕ್ಕದಲ್ಲಿ ಇತ್ತು ಎಂಬುದೇ ಎಷ್ಟೋ ಸಲ ಉಳಿದಿರುವ ಏಕೈಕ ಸುಳಿವು.

ಹೆಸರು ಬರೆದಿದ್ದರೂ ಕಣ್ಣು ಮುಚ್ಚಿ ನಂಬುವಂತಿಲ್ಲ. 'ಅಜ್ಜಿ' ಎಂದಿದ್ದರೆ ಯಾರ ಅಜ್ಜಿ? 1870ರ ದಶಕದ ರಟ್ಟಿನ ಮೇಲೆ ಬಾಲ್‌ಪೆನ್ನಿನ ಅಕ್ಷರವಿದ್ದರೆ ಅದು 1940ರ ದಶಕಕ್ಕಿಂತ ಮುಂಚಿನದಾಗಿರುವುದು ಅಸಂಭವ; ಮೊಮ್ಮಕ್ಕಳೋ ಮರಿಮಕ್ಕಳೋ ನೆನಪಿನಿಂದ ಬರೆದದ್ದು. ಮಸುಕಾದ ಪೆನ್ಸಿಲ್ ಗೀಟುಗಳಿಗೆ ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರದ ಒತ್ತು ಕಾಣಿಸುತ್ತದೆ.

ಮುಖ ಹೋಲಿಸುವ ತಂತ್ರಾಂಶವನ್ನೂ ಬಳಸುತ್ತೇನೆ, ಆದರೆ ಕೊನೆಗೆ, ಅದೂ ಊರು ಮತ್ತು ಕಾಲ ಗೊತ್ತಾದ ಮೇಲೆ. ಅದು ಕೊಡುವ ಶೇಕಡಾವಾರು ಅಂಕಿ ನೋಡಿದ ಕೂಡಲೇ ಜನ ಬೇರೆಲ್ಲ ಸಾಕ್ಷ್ಯವನ್ನೂ ಮರೆತುಬಿಡುತ್ತಾರೆ.

ಹೆಸರು ಸಿಗದಿದ್ದರೆ ದಾಖಲೆಯ ಶೀರ್ಷಿಕೆಯನ್ನು ಚೌಕ ಆವರಣದಲ್ಲಿ 'ಗುರುತು ತಿಳಿಯದ ಪುರುಷ' ಎಂದಷ್ಟೇ ಬರೆದು, ಮುಂಬದಿ ಹಿಂಬದಿ ಎರಡರ ಸ್ಕ್ಯಾನನ್ನೂ ಎಲ್ಲರಿಗೂ ಕಾಣುವಂತೆ ಇಡುತ್ತೇವೆ. ಒಂದು ಕುಟುಂಬದವರು ಹೀಗೆ ನೋಡಿ, "ಇವರು ನಮ್ಮ ಮುತ್ತಜ್ಜ" ಎಂದು ಬರೆದರು. ಆದರೆ ರಟ್ಟಿನ ಮೇಲಿದ್ದ ಸ್ಟುಡಿಯೋ ಶುರುವಾದದ್ದೇ ಆ ಮುತ್ತಜ್ಜ ತೀರಿಕೊಂಡ ಮೇಲೆ. ಹಳೆಯ ಫೋಟೋವನ್ನು ಮತ್ತೆ ಫೋಟೋ ತೆಗೆದು ಕೊಡುವ ರೂಢಿಯೂ ಇತ್ತಲ್ಲ ಎಂದು ಪರೀಕ್ಷಿಸಿದೆ. ಹಾಗೆ ಮಾಡಿದ್ದರೆ ಮೂಲಪ್ರತಿಯ ಅಂಚೋ, ಅದನ್ನು ಚುಚ್ಚಿ ನಿಲ್ಲಿಸಿದ ಪಿನ್ನಿನ ನೆರಳೋ ಎಷ್ಟೋ ಸಲ ಉಳಿದಿರುತ್ತದೆ. ಇಲ್ಲಿ ಎರಡೂ ಕಾಣಲಿಲ್ಲ. ಅವರ ಹೇಳಿಕೆಯನ್ನು ದಿನಾಂಕದೊಂದಿಗೆ ಟಿಪ್ಪಣಿಯ ಅಂಕಣದಲ್ಲಿ ಸೇರಿಸಿದ್ದೇನೆ, ಶೀರ್ಷಿಕೆಗೆ ಏರಿಸಿಲ್ಲ. ಅದೇ ಮನೆಯ, ಹೆಸರು ಬರೆದ ಇನ್ನೊಂದು ಫೋಟೋ ಇದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಕಳಿಸಿ ಎಂದು ಕೇಳಿದ್ದೇನೆ.