ಸ್ಪೀಕರ್ ಕೆಟ್ಟಿತೆಂದು ಎಸೆಯುವ ಮೊದಲು

ಒಂದು ಬಾಕ್ಸಿನಿಂದ ಸದ್ದೇ ಇಲ್ಲ, ಬಂದರೂ ಗೊರಗೊರ. ಸ್ಕ್ರೂಡ್ರೈವರ್ ಹುಡುಕಬೇಡಿ. ಆಂಪ್ಲಿಫೈಯರ್ ಆಫ್ ಮಾಡಿ, ಅದರ ಹಿಂಬದಿಯಲ್ಲಿ ಎಡ-ಬಲ ಸ್ಪೀಕರ್ ವೈರ್‌ಗಳನ್ನು ಅದಲುಬದಲು ಮಾಡಿ ಕೇಳಿ. ತೊಂದರೆ ಇನ್ನೊಂದು ಬಾಕ್ಸಿಗೆ ಹೋಯಿತೇ? ಹಾಗಿದ್ದರೆ ಸ್ಪೀಕರಿನದು ತಪ್ಪಿಲ್ಲ, ಆಂಪ್ಲಿಫೈಯರ್ ಕಡೆ ನೋಡಿ. ಅಲ್ಲೇ ಉಳಿದರೆ ವೈರ್ ಬದಲಿಸಿ ನೋಡಿ, ಆಮೇಲೆ ಬಾಕ್ಸ್ ಬಿಚ್ಚಿ. (ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರಾದರೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ (ಕರೆಂಟ್ ಕೂಡಿಟ್ಟುಕೊಳ್ಳುವ ಬಿಡಿಭಾಗ) ಅಪಾಯಕಾರಿ ಕರೆಂಟ್ ಉಳಿದಿರಬಹುದು.)

ಜಾಲರಿ ತೆಗೆದು ವೂಫರಿನ, ಅಂದರೆ ದಪ್ಪ ಸ್ವರ ಹೊರಡಿಸುವ ದೊಡ್ಡ ಸ್ಪೀಕರಿನ, ಕೋನನ್ನು (ಅದುರುವ ಬಟ್ಟಲಿನಂಥ ಭಾಗ) ಎರಡೂ ಕೈಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿ. ಕೆರೆದ ಸದ್ದು ಬಂದರೆ ಕೋನಿನ ಹಿಂದಿನ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಸುಟ್ಟು ಉಬ್ಬಿದೆ, ಇಲ್ಲವೇ ಓರೆಯಾಗಿದೆ.

ಮುಂದಿನದು ಮಲ್ಟಿಮೀಟರ್. ಡ್ರೈವರಿನ (ಬಾಕ್ಸಿನೊಳಗಿನ ಒಂದೊಂದು ಬಿಡಿ ಸ್ಪೀಕರ್) ಒಂದು ವೈರಾದರೂ ಕಳಚಿ ಓಮ್ ಅಳೆಯಿರಿ. 8 ಓಮ್ ಎಂದು ಬರೆದದ್ದು ಸುಮಾರು 6 ತೋರಿಸುತ್ತದೆ, 4 ಓಮಿನದು 3ರ ಆಸುಪಾಸು. ಇದು ಸರಿಯೇ, ಗಾಬರಿ ಬೇಡ. ಮುಳ್ಳು ಅಲುಗದಿದ್ದರೆ, ಡಿಜಿಟಲ್ ಮೀಟರಿನಲ್ಲಿ OL ಎಂದೋ ಎಡತುದಿಯಲ್ಲಿ ಬರಿಯ 1 ಎಂದೋ ಬಂದರೆ, ಎಲ್ಲೋ ಕಡಿದಿದೆ. ಟರ್ಮಿನಲ್ಲಿನಿಂದ ಕೋನಿಗೆ ಹೋಗುವ ಹೆಣೆದ ತಂತಿಯನ್ನು ಮೊದಲು ನೋಡಿ. ಅದಾಗಿದ್ದರೆ ಬೆಸುಗೆಯಿಂದ ಮುಗಿಯುತ್ತದೆ. ಆದರೆ ಅಂಥದ್ದೇ ಹೆಣೆದ ತಂತಿ ಹಾಕಿ. ಮಾಮೂಲಿ ವೈರ್ ಅಲುಗಾಡಿ ಅಲುಗಾಡಿ ಮತ್ತೆ ಕಡಿಯುತ್ತದೆ. ಕಾಯಿಲೇ ಸುಟ್ಟಿದ್ದರೆ ಡ್ರೈವರ್ ಬದಲಿಸುವುದು ಮೇಲು.

ಹಳೆಯ ಸ್ಪೀಕರ್‌ಗಳಲ್ಲಿ ಹೆಚ್ಚಾಗಿ ಕೈಕೊಡುವುದು ಕೋನಿನ ಅಂಚಿನ ಫೋಮ್. ಬಳಸದೆ ಇಟ್ಟರೂ ವರ್ಷಗಳು ಕಳೆದಂತೆ ಮುಟ್ಟಿದರೆ ಉದುರುವಷ್ಟು ಶಿಥಿಲವಾಗುತ್ತದೆ. ಇದು ಮನೆಯಲ್ಲೇ ಮಾಡಬಹುದಾದ, ಮಾಡಲೇಬೇಕಾದ ರಿಪೇರಿ. ಕೋನಿನ ಮತ್ತು ಫ್ರೇಮಿನ ವ್ಯಾಸ ಅಳೆದು ಅದಕ್ಕೆ ಹೊಂದುವ ಹೊಸ ಫೋಮ್ ಬಳೆ ತನ್ನಿ. ಹಳೆಯ ಫೋಮ್, ಗೋಂದನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ನಿಧಾನವಾಗಿ ಕೆರೆದು ತೆಗೆಯಿರಿ. ಅವಸರಪಟ್ಟರೆ ಕಾಗದದ ಕೋನ್ ಹರಿಯುತ್ತದೆ. ನಡುವಿನ ಗುಮ್ಮಟದಂಥ ಮುಚ್ಚಳವನ್ನು ಬ್ಲೇಡಿನಿಂದ ಬಿಡಿಸಿ, ಕಾಯಿಲಿಗೂ ಒಳಗಿನ ಅಯಸ್ಕಾಂತದ ಕಂಬಕ್ಕೂ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗಳನ್ನು ನಾಲ್ಕು ಕಡೆ ತೂರಿಸಿ. ಕಾಯಿಲ್ ನಟ್ಟನಡುವೆ ನಿಲ್ಲುವುದು ಇವುಗಳಿಂದಲೇ. ಆ ಕಿಂಡಿಗೆ ಕಬ್ಬಿಣದ ಪುಡಿ ಬಿದ್ದರೆ ತೆಗೆಯುವುದು ಯಮಸಾಹಸ, ಮೇಜನ್ನು ಮೊದಲೇ ಒರೆಸಿಕೊಳ್ಳಿ. ಫೋಮನ್ನು ಮೊದಲು ಕೋನಿಗೆ ಅಂಟಿಸಿ, ಒಣಗಿದ ಮೇಲೆ ಫ್ರೇಮಿಗೆ. ಒಂದು ದಿನ ಬಿಟ್ಟು ಪಟ್ಟಿಗಳನ್ನು ಎಳೆಯಿರಿ. ಕೋನ್ ಒತ್ತಿ, ಕೆರೆತವಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಚ್ಚಳ ಅಂಟಿಸಿ.

ಕೋನಿನ ಸಣ್ಣ ಹರುಕಿಗೆ ಟಿಶ್ಯೂ ಕಾಗದ, ತೆಳು ಮಾಡಿದ ಬಿಳಿ ಗೋಂದು ಸಾಕು.

ಟ್ವೀಟರ್ (ತೀಕ್ಷ್ಣ ಸ್ವರದ ಸಣ್ಣ ಸ್ಪೀಕರ್) ಮಾತ್ರ ಮೌನವಾಗಿದ್ದರೆ ಬಾಕ್ಸಿನ ಹಿಂದಿನ ಟರ್ಮಿನಲ್ಲಿನಲ್ಲಿ ಅಳೆದು ಪ್ರಯೋಜನವಿಲ್ಲ. ನಡುವೆ ಇರುವ ಕೆಪಾಸಿಟರ್ ಮೀಟರಿನ ಕರೆಂಟನ್ನು ತಡೆಯುತ್ತದೆ. ನೇರವಾಗಿ ಟ್ವೀಟರಿನಲ್ಲೇ ಅಳೆಯಿರಿ. ಅದು ಸರಿಯಿದ್ದರೆ ಕೆಪಾಸಿಟರ್ ಬದಲಿಸಿ: ಪೋಲಾರಿಟಿ (ಪ್ಲಸ್-ಮೈನಸ್ ಭೇದ) ಇಲ್ಲದ್ದು, ಅಷ್ಟೇ ಮೈಕ್ರೋಫ್ಯಾರಡ್, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು. ಟ್ವೀಟರೇ ಸುಟ್ಟಿದ್ದರೆ ಹೊಸದನ್ನು ಹಾಕುವ ಮುನ್ನ ಆಂಪ್ಲಿಫೈಯರ್ ನೋಡಿ. ಕಡಿಮೆ ವಾಟಿನದನ್ನು ಪೂರ್ತಿ ತಿರುಗಿಸಿ ಸದ್ದು ಒಡೆಯುವಂತೆ ಕೇಳುತ್ತಿದ್ದರೆ, ಆ ಒಡಕಿನಲ್ಲಿ ಹುಟ್ಟುವ ಹೆಚ್ಚುವರಿ ತೀಕ್ಷ್ಣ ಸ್ವರಗಳೂ ಟ್ವೀಟರನ್ನು ಸುಡಬಹುದು.